ನಡುವೆ ಬಿದ್ದ ಖಾಲಿ ಸಾಲು

ಪ್ಯಾಕೇಜಕ್ಕನ ಮೂಗು ಎರಡು ಸಲ ಮುರಿದಿದೆ. ಮೊದಲ ಸಲ ಮುರಿದವರು ಪೊಲೀಸರು, ಕಾರ್ಖಾನೆಯ ಗೇಟಿನ ಮುಂದೆ, ಹಾಡಹಗಲಲ್ಲಿ. ಎರಡನೆಯ ಸಲ ಮುರಿದವನು ಒಡಹುಟ್ಟಿದ ಅಣ್ಣ, ಮನೆಯ ಊಟದ ಮೇಜಿನ ಮೇಲೆ. ಮೊದಲನೆಯದಕ್ಕೆ ಕಾರ್ಮಿಕ ಸಂಘದವರು ಸಭೆ ಕರೆದು ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಇನ್ನೊಬ್ಬಳ ಕೈ ಹೋಯಿತು. ಹೇಳಬೇಕಾದ್ದು ಈ ಎರಡನೆಯದರ ಕತೆಯನ್ನೇ.

ಆ ಕಾರ್ಖಾನೆಯಲ್ಲಿ ತಗಡು ಒತ್ತುತ್ತಾರೆ. ಬಟ್ಟೆ ಒಗೆಯುವ ಯಂತ್ರದ ಹೊರಮೈ, ಫ್ರಿಜ್ಜಿನ ಬಾಗಿಲು, ಅಂಥವು. ಆನೆಗಾತ್ರದ ಪ್ರೆಸ್ಸುಗಳು ಸಾಲಾಗಿ ನಿಂತು ದಿನವಿಡೀ ನೆಲ ಗುದ್ದುತ್ತವೆ; ಅಲ್ಲಿ ದುಡಿದವರು ಮನೆಗೆ ಹೋದ ಮೇಲೂ ಕಿರುಚಿಯೇ ಮಾತಾಡುತ್ತಾರೆ. ಪ್ರೆಸ್ಸಿಗೊಂದು ಕಂಪ್ಯೂಟರ್. ಆ ಕಂಪ್ಯೂಟರಿನೊಳಗೆ ಹೊಸ ಸಾಫ್ಟ್‌ವೇರ್ ಪ್ಯಾಕೇಜ್ ಹೋಗಬೇಕಾದರೆ ಅದರ ಗುಣಲಕ್ಷಣ ಹೇಳುವ ಸಣ್ಣದೊಂದು ಫೈಲು ಜೊತೆಗೆ ಹೋಗಬೇಕು. ಆ ಫೈಲು ಬರೆಯುವುದು ಇವಳ ಕೆಲಸ. ಮೊದಲು ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿಕೊಂಡಿದ್ದಳು. ಕಂಪ್ಯೂಟರ್ ರೂಮಿನಲ್ಲಿ ಜನ ಕಡಿಮೆ ಬಿದ್ದಾಗ ಎತ್ತಿ ಅಲ್ಲಿ ಕೂರಿಸಿದರು. ಅಂದಿನಿಂದ ಪ್ಯಾಕೇಜಕ್ಕ ಆದಳು. ಹೆತ್ತವರು ಇಟ್ಟ ಹೆಸರನ್ನು ಯಾರೂ ಕರೆಯುವುದಿಲ್ಲ.

ಫೈಲೇನು ಬ್ರಹ್ಮವಿದ್ಯೆಯಲ್ಲ. ಒಂದು ಸಾಲಿಗೆ ಒಂದು ಮಾತು. ಪ್ಯಾಕೇಜಿನ ಹೆಸರು, ವರ್ಷನ್. ‘ಮೇಂಟೈನರ್’ ಅಂತೊಂದು ಸಾಲು. ನಾಳೆ ಏನಾದರೂ ಎಡವಟ್ಟಾದರೆ ಯಾರ ಕುತ್ತಿಗೆ ಹಿಡಿಯಬೇಕು ಎಂಬ ಹೆಸರು ಅಲ್ಲಿರುತ್ತದೆ. ‘ರಿಪ್ಲೇಸಸ್’ ಅಂದರೆ, ಇದು ಒಳಗೆ ಬಂದ ಮೇಲೆ ಯಾವ ಹಳೆಯದು ಜಾಗ ಖಾಲಿ ಮಾಡಬೇಕು. ‘ಡಿಪೆಂಡ್ಸ್’ ಅಂದರೆ, ಯಾವುದು ಜೊತೆಗಿಲ್ಲದೆ ಇದು ಒಳಗೆ ಕಾಲಿಡಕೂಡದು. ಇನ್ನೊಂದು ನಿಯಮವಿತ್ತು. ನಡುವೆ ಖಾಲಿ ಸಾಲು ಬಂತೆಂದರೆ ಫೈಲು ಅಲ್ಲಿಗೆ ಮುಗಿಯಿತು. ಅದರ ಕೆಳಗಿರುವುದನ್ನು ಯಂತ್ರ ಕಣ್ಣೆತ್ತಿಯೂ ನೋಡುವುದಿಲ್ಲ, ಬೈಯುವುದೂ ಇಲ್ಲ. ಹಸಿರು ದೀಪ ಹಚ್ಚಿ ಸರಿ ಅನ್ನುತ್ತದೆ. ಎಂಜಿನಿಯರುಗಳು ತಮ್ಮ ಟಿಪ್ಪಣಿ ಬರೆದುಕೊಳ್ಳಲಿ ಎಂದು ಮಾಡಿದ ಅನುಕೂಲವಂತೆ ಅದು. ಖಾಲಿ ಸಾಲಿನ ಕೆಳಗೆ ಮ್ಯಾನೇಜರನಿಗೆ ಹೊಲಸು ಬೈಗುಳ ಬರೆದಿಟ್ಟ ಫೈಲುಗಳೂ ಇದ್ದವು. ಯಂತ್ರವೇ ಓದದ್ದನ್ನು ಮ್ಯಾನೇಜರ್ ಓದಿಯಾನೇ?

ಅಣ್ಣ ಅದೇ ಕಾರ್ಖಾನೆಯ ಫಿಟ್ಟರ್, ಸಂಘದ ಮುಖಂಡ. ಅವನಿಗಿಂತ ವಯಸ್ಸಾದವರೂ ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದರು. ನಿಜವಾದ ತಂಗಿ ಮಾತ್ರ ಈಚೆಗೆ ಆ ಪದ ಬಾಯಿಗೆ ಬಾರದೆ ‘ನೋಡು’, ‘ಕೇಳು’ ಎಂದು ಕೆಲಸ ಸಾಗಿಸುತ್ತಿದ್ದಳು. ಅವರು ಚಿಕ್ಕವರಿದ್ದಾಗ ಅಪ್ಪ ಕುಡಿದು ಬಂದು ಅಮ್ಮನನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದ. ಮೀಸೆ ಚಿಗುರಿದ ವರ್ಷ ಅಣ್ಣ ಅಪ್ಪನ ಕೈಯ ಕೋಲು ಕಿತ್ತುಕೊಂಡು ಅದರಿಂದಲೇ ಅಪ್ಪನ ಮೊಣಕಾಲು ಒಡೆದ. ಅಪ್ಪ ಸಾಯುವವರೆಗೂ ಕುಂಟಿದ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಕಿತ್ತುಕೊಂಡ ಕೋಲನ್ನು ಅಣ್ಣ ಎಲ್ಲೂ ಕೆಳಗಿಡಲಿಲ್ಲ. ಅತ್ತಿಗೆಗೆ ಇದು ಮದುವೆಯಾದ ಹೊಸತರಲ್ಲೇ ಗೊತ್ತಾಯಿತು.

ಹಾಗಂತ ಅವನು ಸುಳ್ಳು ಮುಖಂಡನಲ್ಲ. ಗೇಟಿನ ಮುಂದೆ ಪೊಲೀಸರ ದೊಣ್ಣೆ ತಂಗಿಯ ಮೂಗಿಗೆ ಬಿದ್ದಾಗ ಅವಳ ಮೇಲೆ ಅಡ್ಡ ಬಿದ್ದು ಉಳಿದ ಏಟನ್ನೆಲ್ಲ ತನ್ನ ಬೆನ್ನಿಗೆ ತೆಗೆದುಕೊಂಡವನು ಅವನೇ. ಪಕ್ಕೆಲುಬು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಆ ಬೆನ್ನು ನೆನಪಾದಾಗಲೆಲ್ಲ ಪ್ಯಾಕೇಜಕ್ಕನ ಸಿಟ್ಟು ಅರ್ಧಕ್ಕೇ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ಪ್ರೆಸ್ಸಿನ ವೇಗ ಹೆಚ್ಚಿಸುವ ಹೊಸ ಪ್ಯಾಕೇಜ್ ಬಂತು. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಬೆಳಕಿನ ತೆರೆಯೊಂದಿದೆ. ಕೈ ಅದನ್ನು ದಾಟಿದರೆ ಪ್ರೆಸ್ ನಡುವೆಯೇ ನಿಲ್ಲಬೇಕು. ಆ ತೆರೆಯನ್ನು ನೋಡಿಕೊಳ್ಳುವ ಪ್ಯಾಕೇಜಿಗೆ ಎಲ್ಲರೂ ‘ಕಾವಲು’ ಅನ್ನುತ್ತಿದ್ದರು. ಹಳೆಯ ಕಾವಲು ಹೊಸ ವೇಗಕ್ಕೆ ಹೊಂದುತ್ತಿರಲಿಲ್ಲ. ಹೊಸ ಕಾವಲು ಆಮೇಲೆ ಹಾಕಿದರಾಯಿತು ಎಂದ ಮ್ಯಾನೇಜರ್. ಹೊಸ ಕಾವಲಿಲ್ಲದೆ ಈ ಫೈಲು ನನ್ನ ಕೈಯಿಂದ ಹೊರಗೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದು ಅವಳು ಗೆದ್ದಿದ್ದಳು. ‘ರಿಪ್ಲೇಸಸ್’ ಸಾಲಿನಲ್ಲಿ ಹಳೆಯ ಕಾವಲು, ಅದರ ಕೆಳಗೇ ‘ಡಿಪೆಂಡ್ಸ್’ ಸಾಲಿನಲ್ಲಿ ಹೊಸ ಕಾವಲು. ಒಂದು ಹೊರಗೆ, ಇನ್ನೊಂದು ಒಳಗೆ.

ಸಂಘಕ್ಕೆ ಬೇಕಾಗಿದ್ದು ಬೇರೆ. ವೇಗ ಹೆಚ್ಚಿದರೆ ಆಳು ಕಡಿಮೆ ಸಾಕು, ಉಳಿದವರನ್ನು ಮನೆಗೆ ಕಳಿಸುತ್ತಾರೆ. ಮಾತುಕತೆ ಮುಗಿಯುವ ತನಕ ಪ್ಯಾಕೇಜ್ ಪ್ರೆಸ್ಸಿಗೆ ಇಳಿಯಬಾರದು. ಭಾನುವಾರ ಮಧ್ಯಾಹ್ನ ಅವಳು ಊಟದ ಮೇಜಿನ ಮೇಲೆ ಆಫೀಸಿನ ಲ್ಯಾಪ್‌ಟಾಪ್ ಇಟ್ಟುಕೊಂಡು ಫೈಲಿಗೆ ಕೊನೆಯ ಕೈ ಆಡಿಸುತ್ತಿದ್ದಾಗ ಅಣ್ಣ ಬಂದು ಹಿಂದೆ ನಿಂತ. ನಾಳೆ ಕೊಡಬೇಡ, ಜ್ವರ ಅಂತ ಮಲಗು ಎಂದ. ನಾನು ಬರೆಯದಿದ್ದರೆ ಹೊರಗಿನವನೊಬ್ಬನನ್ನು ಕರೆಸಿ ಬರೆಸುತ್ತಾರೆ, ಅವನು ಕಾವಲಿನ ಸಾಲು ಹಾಕುವುದಿಲ್ಲ, ಕೈ ಹೋಗುವುದು ನಿಮ್ಮವರದೇ ಎಂದು ಅವಳು ತಿರುಗಿಯೂ ನೋಡದೆ ಹೇಳಿದಳು. ತಿರುಗಿ ನೋಡದ್ದೇ ಅವನಿಗೆ ಹೆಚ್ಚು ಉರಿಯಿತೇನೋ.

"ಯಾರ ಕೂಳು ತಿಂತಿದೀಯ ನೀನು?"

"ನಂದೇ."

ಕೂದಲು ಹಿಡಿದು ಮುಖವನ್ನು ಕೀಬೋರ್ಡಿಗೆ ಅಪ್ಪಳಿಸಿದ. ಎತ್ತಿ ಮತ್ತೆ ಅಪ್ಪಳಿಸಿದ. ಹಸಿ ಕೊಂಬೆ ಮುರಿದಂಥ ಸದ್ದು ಅವಳಿಗೆ ತಲೆಯೊಳಗಿನಿಂದಲೇ ಕೇಳಿಸಿತು. ಪರದೆಯ ಮೇಲೆ ಅಕ್ಷರಗಳು ಹುಚ್ಚು ಹಿಡಿದಂತೆ ಓಡಿದವು. ಕೈ ಸೋತ ಮೇಲೆ ಅಂಗಿ ಸರಿಮಾಡಿಕೊಂಡು ಸಂಘದ ಸಭೆಗೆ ಹೋದ. ಅವತ್ತು ಅಲ್ಲಿ ಕೆಲಸಗಾರರ ಮಾನದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದನಂತೆ.

ಅತ್ತಿಗೆ ಒದ್ದೆ ಬಟ್ಟೆ ತಂದು ಮೊದಲು ನಾದಿನಿಯ ಮುಖ ಒರೆಸಿದಳು, ಆಮೇಲೆ ಕೀಗಳನ್ನು. ಪ್ಯಾಕೇಜಕ್ಕನ ಒಂದು ಕಣ್ಣು ಆಗಲೇ ಊದಿ ಮುಚ್ಚಿತ್ತು. ಇನ್ನೊಂದರಲ್ಲಿ ನೋಡಿಕೊಂಡು, ಮುಖದ ಏಟಿಗೆ ಬಿದ್ದ ಅಕ್ಷರಗಳನ್ನೆಲ್ಲ ಅಳಿಸಿದಳು. ಕಸ ಕಾಣಿಸಿತು, ಗುಡಿಸಿದಳು. ಖಾಲಿ ಜಾಗ ಯಾರ ಕಣ್ಣಿಗೆ ಕಸವಾಗಿ ಕಾಣುತ್ತದೆ? ಕಾವಲಿನ ಸಾಲು ಇದೆಯೋ ಎಂದು ಹುಡುಕಿದಳು, ಇತ್ತು. ಸೇವ್ ಮಾಡಿ ಕಳಿಸಿದಳು. ಅವನ ಮೇಲಿನ ಹಟಕ್ಕೇ ಕಳಿಸಿದಳು ಎಂದರೂ ತಪ್ಪಿಲ್ಲ.

ಸೋಮವಾರ ಅದನ್ನು ಪ್ರೆಸ್ಸಿಗೆ ಇಳಿಸಿದವನು ಚೀಲದ ಮಾಮ ಎಂಬ ಮುದುಕ. ಹೆಗಲಿಗೊಂದು ಚೀಲ, ಅದರಲ್ಲಿ ಲ್ಯಾಪ್‌ಟಾಪ್. ಯಂತ್ರದಿಂದ ಯಂತ್ರಕ್ಕೆ ನಡೆದು ಪ್ಯಾಕೇಜ್ ಇನ್‌ಸ್ಟಾಲ್ ಮಾಡುವುದಷ್ಟೇ ಅವನ ಕೆಲಸ. ಮೊದಲ ಪ್ರೆಸ್ಸಿಗೆ ಹಾಕಿದ, ಹಸಿರು ದೀಪ ಬಂತು, ಶುರು ಮಾಡಿ ಎಂದು ಮುಂದೆ ಹೋದ.

ಆ ಪ್ರೆಸ್ಸಿನಲ್ಲಿದ್ದವಳು ಎಡಚಿ. ಎಲ್ಲದಕ್ಕೂ ಎಡಗೈ ಮುಂದೆ ಮಾಡುವವಳಾದ್ದರಿಂದ ಆ ಹೆಸರು. ತಗಡು ಒಂದಿಷ್ಟು ಸೊಟ್ಟಗೆ ಕೂತಿತ್ತು. ದಿನಾ ಮಾಡುವ ಹಾಗೆ ಕೈ ಚಾಚಿ ಸರಿಮಾಡಲು ಹೋದಳು. ದಿನಾ ಆದರೆ ಪ್ರೆಸ್ ನಿಲ್ಲುತ್ತಿತ್ತು. ಅವತ್ತು ನಿಲ್ಲದೆ ಕೆಳಗಿಳಿಯಿತು. ಫ್ರಿಜ್ಜಿನ ಬಾಗಿಲಿನ ಜೊತೆಗೆ ಅವಳ ಕೈಯೂ ಮಣಿಕಟ್ಟಿನವರೆಗೆ ಅಚ್ಚಾಯಿತು. ಅವಳು ಕಿರುಚಿದ್ದು ಪ್ರೆಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ತಗಡು ಎತ್ತಿಕೊಳ್ಳಲು ಬಂದವನು ನೋಡಿ, ಅಲ್ಲೇ ವಾಂತಿ ಮಾಡಿಕೊಂಡ ಮೇಲೆ ಗೊತ್ತಾಯಿತು.

ಪ್ರೆಸ್ಸುಗಳೆಲ್ಲ ನಿಂತವು. ಎಡಚಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಣ್ಣ ಎಣ್ಣೆ ಡ್ರಮ್ಮಿನ ಮೇಲೆ ಹತ್ತಿ ನಿಂತು, ಇದನ್ನು ಹಾಕಿದವನು ಯಾರು, ಹೊರಗೆ ಬರಲಿ ಎಂದು ಕೂಗಿದ. ಯಾರೋ ಚೀಲದ ಮಾಮನನ್ನು ಮುಂದಕ್ಕೆ ನೂಕಿದರು. ಚೀಲ ಹರಿದರು, ಲ್ಯಾಪ್‌ಟಾಪನ್ನು ನೆಲಕ್ಕೆ ಬಡಿದರು, ಅದು ಮುರಿದ ಮೇಲೆ ಅವನನ್ನು ಬಡಿದರು. ಬೂಟಿನಲ್ಲಿ, ಬೆಲ್ಟಿನಲ್ಲಿ, ಕೈಗೆ ಸಿಕ್ಕ ಸ್ಪ್ಯಾನರಿನಲ್ಲಿ. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಹಸಿರು ಬಂತಪ್ಪ, ಹಸಿರು ಬಂತು ಎಂದು ಅದೊಂದನ್ನೇ ಹೇಳುತ್ತಿದ್ದ.

ಮೇಲಿನ ಕಂಪ್ಯೂಟರ್ ರೂಮಿಗೆ ಗಾಜಿನ ಕಿಟಕಿ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಪ್ಯಾಕೇಜಕ್ಕ ಆ ಹೊತ್ತಿಗೆ ತನ್ನ ಫೈಲನ್ನು ತೆರೆದು ಮೇಲಿನಿಂದ ಕೆಳಗೆ ಓದಿದ್ದಳು. ‘ರಿಪ್ಲೇಸಸ್’ ಸಾಲು. ಅದರ ಕೆಳಗೆ ಏನೂ ಇಲ್ಲದ ಒಂದು ಸಾಲು. ಅದರ ಕೆಳಗೆ ‘ಡಿಪೆಂಡ್ಸ್’. ಯಂತ್ರ ಹಳೆಯ ಕಾವಲನ್ನು ಹೊರಗೆ ಹಾಕಿತ್ತು. ಹೊಸ ಕಾವಲಿನ ಮಾತನ್ನು ಓದಿಯೇ ಇರಲಿಲ್ಲ.

ಮ್ಯಾನೇಜರ್ ಬಾಗಿಲು ಹಾಕಿಕೊಂಡು ಒಳಗೆ ಬಂದ. ಇನ್‌ಸ್ಟಾಲ್ ಮಾಡುವಾಗ ಆದ ತಪ್ಪು ಅಂತ ಬರೆಯೋಣ, ಮೇಂಟೈನರ್ ಸಾಲಿನಲ್ಲಿ ಆ ಮುದುಕನ ಹೆಸರು ಹಾಕಿಬಿಡಿ, ಕೆಳಗೆ ಹೇಗೂ ಅವನನ್ನೇ ಹಿಡಿದಿದ್ದಾರೆ ಎಂದ. ನಿಮ್ಮಣ್ಣನ ಮರ್ಯಾದೆಯೂ ಉಳಿಯುತ್ತದೆ ಎಂದೂ ಸೇರಿಸಿದ. ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಸುಮ್ಮನಿದ್ದರೆ ತನ್ನ ಮೈಗೆ ಏಟಿಲ್ಲ, ಕೆಲಸಕ್ಕೆ ಕುತ್ತಿಲ್ಲ. ಮುದುಕ ಇನ್ನು ಸ್ವಲ್ಪ ಹೊತ್ತಿಗೆ ಸಾಯುತ್ತಾನೆ. ಮ್ಯಾನೇಜರನನ್ನು ಪಕ್ಕಕ್ಕೆ ತಳ್ಳಿ ಮೆಟ್ಟಿಲಿಳಿದಳು.

ಗುಂಪಿನ ನಡುವೆ ನುಗ್ಗಿ ಮಾಮನ ಮುಂದೆ ನಿಂತಾಗ ಡ್ರಮ್ಮಿನ ಮೇಲಿಂದ ಅಣ್ಣ ಮೇಲೆ ಹೋಗು ಎಂದು ಗದರಿದ.

"ಫೈಲು ನಂದು," ಅಂದಳು ಗುಂಪಿಗೆ. "ತಪ್ಪು ಫೈಲಲ್ಲಿದೆ. ಮಾಮನ್ನ ಬಿಡಿ."

ಎಡಚಿಯ ಗಂಡ ಫೋರ್ಕ್‌ಲಿಫ್ಟ್ ಓಡಿಸುವವನು. ಹೆಂಡತಿಯ ರಕ್ತ ಅವನ ತೋಳಿನ ಮೇಲೆ ಇನ್ನೂ ಒಣಗಿರಲಿಲ್ಲ. ಅವನು ಬೀಸಿ ಹೊಡೆದ. ಮೂಗಿಗೆ ಕಟ್ಟಿದ ಪಟ್ಟಿ ಕಿತ್ತುಹೋಗಿ ಅವಳು ನೆಲಕ್ಕೆ ಬಿದ್ದಳು. ಎದ್ದಳು. ಇನ್ನೊಂದು ಹೊಡೆದ. ಮೊಣಕಾಲೂರಿ ಮತ್ತೆ ಎದ್ದಳು. ಅವಳು ಏಳುವುದನ್ನು ನೋಡಿ ಹೊಡೆಯುವವನ ಕೈಯೇ ತಡವರಿಸಿತು. ಅಷ್ಟರಲ್ಲಿ ಅವಳು ಹೇಳಿದಳು: ಕಾವಲಿನ ಸಾಲು ಬರೆದಿದ್ದೆ, ಅದರ ಮೇಲೆ ಒಂದು ಖಾಲಿ ಸಾಲು ಬಿದ್ದಿದೆ, ಖಾಲಿ ಸಾಲಿನ ಕೆಳಗಿನದನ್ನು ಯಂತ್ರ ಓದುವುದಿಲ್ಲ. ಪ್ರೆಸ್ಸಿನವರಿಗೆ ಅಷ್ಟು ಸಾಕಾಯಿತು.

"ಎಂಟರ್ ಕೀ ನಾನು ಒತ್ತಿದ್ದಲ್ಲ," ಅಂದಳು. "ಒತ್ತಿದ್ದು ನನ್ನ ಮುಖ. ಮುಖ ಹಿಡಿದು ಒತ್ತಿದ್ದು ಅಲ್ಲಿ ಡ್ರಮ್ಮಿನ ಮೇಲೆ ನಿಂತಿದಾನಲ್ಲ, ಇವನು."

ಅಣ್ಣ ಬಾಯಿ ಮಾತಿನಲ್ಲಿ ಮುಗಿಸಬಹುದಿತ್ತು. ಇವಳು ಮ್ಯಾನೇಜರನ ಕಡೆಯವಳು ಎಂದಿದ್ದರೆ ಅರ್ಧ ಜನ ನಂಬುತ್ತಿದ್ದರು. ಅವನು ಡ್ರಮ್ಮಿನಿಂದ ಹಾರಿ, ಎಲ್ಲರ ಕಣ್ಣೆದುರು ಅವಳ ಹೊಟ್ಟೆಗೆ ಒದ್ದ. ಬಿದ್ದವಳ ಕೂದಲು ಹಿಡಿದು ಮುಖವನ್ನು ಸಿಮೆಂಟು ನೆಲಕ್ಕೆ ಬಗ್ಗಿಸಿದ. ಹಿಡಿದ ರೀತಿ ಎಷ್ಟು ಪಳಗಿತ್ತೆಂದರೆ, ಆ ಕೈಗೆ ಅದು ಹೊಸದಲ್ಲ ಎಂದು ಯಾರೂ ಹೇಳಬೇಕಾಗಲಿಲ್ಲ.

ಆದರೂ ಹೇಳಿದವಳು ಅತ್ತಿಗೆ. ಪ್ಯಾಕಿಂಗ್ ವಿಭಾಗದವಳು, ಕಾರ್ಖಾನೆಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ.

"ಹೌದು. ಆ ಕೀಬೋರ್ಡ್ ಒರೆಸಿದವಳು ನಾನು. ಬಟ್ಟೆ ಇನ್ನೂ ಬಕೆಟ್ಟಲ್ಲೇ ಇದೆ, ಹೋಗಿ ನೋಡ್ಕೊಂಬನ್ನಿ."

ಮೊದಲು ಕೈ ಎತ್ತಿದವನು ಎಡಚಿಯ ಗಂಡ. ಆಮೇಲೆ ಯಾರು ಎತ್ತಿದರು, ಯಾರು ಬಿಟ್ಟರು ಎಂದು ಹೇಳುವಂತಿರಲಿಲ್ಲ. ಅಣ್ಣ ಅಣ್ಣ ಎನ್ನುತ್ತಿದ್ದ ಬಾಯಿಗಳೇ ಹಲ್ಲು ಕಡಿದುಕೊಂಡು ಮೇಲೆರಗಿದವು. ಮುಂದಿನ ಹಲ್ಲುಗಳು ಹೋದವು, ಕೊರಳ ಪಕ್ಕದ ಎಲುಬು ಮುರಿಯಿತು. ಹೆಂಗಸರು ಚೀಲದ ಮಾಮನನ್ನು ಮೇಜಿನ ಕೆಳಗೆ ಎಳೆದುಕೊಂಡು ಅವನ ಸುತ್ತ ಕೂತರು. ಕೊನೆಗೆ ಪೊಲೀಸರು ಬಂದು, ಯಾರು ಯಾರಿಗೆ ಹೊಡೆದರು ಎಂಬ ರಗಳೆಗೇ ಹೋಗದೆ ಎಲ್ಲರಿಗೂ ಸಮನಾಗಿ ಬಾರಿಸಿದರು.

ಮಾಮ ಬದುಕಿದ, ಒಂದು ಕಿವಿ ಹೋಯಿತು. ಪ್ಯಾಕೇಜಕ್ಕ ಆಸ್ಪತ್ರೆಗೆ ಹೋಗಿ ಎಡಚಿಯ ಮಂಚದ ಪಕ್ಕ ನಿಂತಳು. ಏನೋ ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಎಡಚಿ ತಡೆದಳು.

"ಕ್ಷಮೆ ಗಿಮೆ ಕೇಳಬೇಡ. ಅದನ್ನೆಲ್ಲ ಇಸ್ಕೊಳ್ಳೋಕೆ ನನಗಿರೋದು ಒಂದೇ ಕೈ. ಹೋಗಿ ನಿನ್ನ ಹಾಳು ಫೈಲು ಸರಿ ಮಾಡು."

ಸರಿ ಮಾಡಲು ಕೆಲಸವೇ ಇರಲಿಲ್ಲ. ಮೇಂಟೈನರ್ ಸಾಲು ತೋರಿಸಿ ಕಂಪನಿ ಅವಳನ್ನು ಮನೆಗೆ ಕಳಿಸಿತ್ತು. ಅತ್ತಿಗೆ ಮತ್ತು ಅವಳು ಟೈರ್ ಅಂಗಡಿಯ ಮೇಲೊಂದು ಕೋಣೆ ಹಿಡಿದಿದ್ದರು. ಸಂಘ ಸಭೆ ಸೇರಿತು. ಮ್ಯಾನೇಜರನ ಎದುರು ಅಣ್ಣನಷ್ಟು ಗಟ್ಟಿಯಾಗಿ ಕೂರುವವನು ಇನ್ನೊಬ್ಬನಿಲ್ಲ, ಮನೆಯ ಜಗಳ ಮನೆಗೆ ಎಂದು ಗಂಡಸರು ಕೈ ಎತ್ತಿ ಅವನನ್ನೇ ಉಳಿಸಿಕೊಂಡರು. ಅವನಿಗೆ ಹೊಡೆದವರೂ ಎತ್ತಿದರು. ಪ್ರೆಸ್ಸಿನ ಹೆಂಗಸರು ಎತ್ತಲಿಲ್ಲ. ಮರುದಿನ ಅವರು ಪ್ರೆಸ್ಸಿನ ಮುಂದೆ ಕೈಕಟ್ಟಿ ನಿಂತರು. ಪ್ಯಾಕೇಜಕ್ಕ ವಾಪಸ್ ಬರಬೇಕು, ಫೈಲಿನ ನಿಯಮ ಬದಲಾಗಬೇಕು, ಅಲ್ಲಿಯವರೆಗೆ ತಗಡು ಮುಟ್ಟುವುದಿಲ್ಲ ಎಂದರು. ಕಂಪನಿ ಹೊರಗಿನವರನ್ನು ತಂದು ಪ್ರೆಸ್ ಓಡಿಸಲು ನೋಡಿತು. ಹೊರಗಿನವರ ಬಸ್ಸಿನ ಗಾಜು ಗೇಟು ದಾಟುವ ಮುಂಚೆಯೇ ಪುಡಿಯಾಯಿತು. ಒಳಗಿದ್ದವರಿಗೂ ಗಾಯವಾಯಿತು, ಹೆಂಗಸರಿಗೂ ತಲೆ ಒಡೆಯಿತು. ಕೊನೆಗೆ ಕಂಪನಿ ಬಗ್ಗಿತು.

ಈಗ ಖಾಲಿ ಸಾಲನ್ನು ಯಂತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಫೈಲಿನ ತುದಿಯಲ್ಲಿ ‘ಮುಗಿಯಿತು’ ಎಂಬ ಸಾಲಿಲ್ಲದಿದ್ದರೆ ಕೆಂಪು ದೀಪ ಹೊತ್ತಿಸಿ ಪ್ಯಾಕೇಜನ್ನು ಹೊರಗೇ ನಿಲ್ಲಿಸುತ್ತದೆ. ಅದಲ್ಲದೆ, ಯಾವ ಪ್ಯಾಕೇಜ್ ಬಂದರೂ ಬರೆದವಳು ಪ್ರೆಸ್ಸಿನ ಪಕ್ಕ ನಿಂತು, ಅದರಲ್ಲಿ ಕೈ ಹಾಕುವವರ ಎದುರು ಫೈಲನ್ನು ಜೋರಾಗಿ ಓದಬೇಕು. ಸಂಘದ ಮುಖಂಡ ಹಾಜರಿರಬೇಕು. ಹೆಂಗಸರು ಹಾಕಿಸಿದ ಷರತ್ತು ಇದು.

ಮೊದಲ ಸಲ ಓದುವ ದಿನ ಅಣ್ಣನೂ ಬಂದು ನಿಂತ. ಕೊರಳಿಗೆ ಪಟ್ಟಿ ಕಟ್ಟಿತ್ತು. ಹಲ್ಲಿಲ್ಲದ ಬಾಯಲ್ಲಿ ಮಾತು ಸೀಟಿ ಹೊಡೆಯುತ್ತಿತ್ತು. ಅವಳು ಹೆಸರು ಓದಿದಳು, ವರ್ಷನ್ ಓದಿದಳು, ಮೇಂಟೈನರ್ ಎಂದು ತನ್ನ ಹೆಸರು ಓದಿದಳು, ಏನು ಹೊರಗೆ ಹೋಗುತ್ತದೆ ಎಂದು ಓದಿದಳು. ಪ್ರೆಸ್ಸುಗಳು ನಿಂತಿದ್ದರಿಂದ ಅವಳ ದನಿ ಷೆಡ್ಡಿನ ಕೊನೆಯವರೆಗೆ ಕೇಳುತ್ತಿತ್ತು. ಅಣ್ಣ ಬಾಗಿಲ ಕಡೆ ತಿರುಗಿದ.

"ಆಯ್ತಲ್ಲ, ಶುರು ಮಾಡ್ರಿ," ಎಂದು ಹೊರಟ.

"ಇನ್ನೂ ಇದೆ," ಅಂದಳು ಪ್ಯಾಕೇಜಕ್ಕ, ಕಾಗದದಿಂದ ಕಣ್ಣು ತೆಗೆಯದೆ. "ನಿಂತ್ಕೊಂಡು ಕೇಳು."

ಅವನ ಬಲಗೈ ಮುಷ್ಟಿಯಾಯಿತು. ಹೆಂಗಸರೆಲ್ಲ ಆ ಮುಷ್ಟಿಯನ್ನೇ ನೋಡುತ್ತಿದ್ದರು. ಒಬ್ಬಳ ಕೈಯಲ್ಲಿ ಸ್ಪ್ಯಾನರಿತ್ತು. ಅಣ್ಣ ನಿಂತ. ಅವಳು ಮುಂದಿನ ಸಾಲು ಓದಿದಳು.