ಬಿಳಿ ಮುಚ್ಚಳದ ಡಬ್ಬಿ ಮತ್ತು ಓಂಕಾರಯ್ಯ ಡಾಕ್ಟ್ರು

ಯಾವ ಓಂಕಾರಯ್ಯ ಅಂತ ಎರಡು ಸಲ ಕೇಳ್ದೆ…
ಫೋನ್ ಮಾಡಿದ್ದು ಅವರ ಮಗಳು. ಎರಡು ಸಲಾನೂ "ಅಪ್ಪ" ಅಂದ್ರು.
ಬೆಳಿಗ್ಗೆ, ಕುಣಿಗಲ್ ಮನೇಲಿ… ಕಾಫಿ ಕೇಳಿ, ತರೋದ್ರೊಳಗೆ ಹೋಗಿಬಿಟ್ರಂತೆ.

ಇಲ್ಲ… ನನಗಿನ್ನೂ ತಲೆಗೆ ಇಳೀತಿಲ್ಲ.
ಹೋದ ವಾರ ತಾನೇ ಫೋನಲ್ಲಿ "ಏನ್ರೀ ರಂಗಪ್ಪ, ಇನ್ನೂ ಇದೀರಾ?" ಅಂತ ನಕ್ಕಿದ್ರು.

ಫ್ರೆಂಡ್ಸ್, ನಿಮಗ್ಯಾರಿಗೂ ಅವರು ಗೊತ್ತಿಲ್ಲ.
ಗೊತ್ತಿದ್ದೋರೆಲ್ಲ ಒಬ್ಬೊಬ್ರಾಗಿ ಹೋದ್ರು.
ಶಿರಾ ಗೇಟಿನ ಈ ರೂಮಲ್ಲಿ ಕೂತ್ಕೊಂಡು ಯಾರಿಗೆ ಹೇಳ್ಲಿ ಅಂತ ಹುಡುಕಿದೆ… ಒಂದು ನಂಬರೂ ಸಿಗಲಿಲ್ಲ.
ಅದಕ್ಕೆ ನಿಮಗೆ ಹೇಳ್ತಿದೀನಿ.

ಅರವತ್ತರ ದಶಕ. ಗುಬ್ಬಿ ಕಡೆ ಒಂದು ಸಣ್ಣ ಆಸ್ಪತ್ರೆ.
ಅವರು ಹೊಸ ಡಾಕ್ಟ್ರು. ನಾನು ಕಾಂಪೌಂಡರ್… ಔಷಧಿ ಅರೆಯೋದು, ಬೆರೆಸೋದು, ತುಂಬಿ ಕೊಡೋದು.

ಅವರಿಗೆ ಒಂದೇ ಹುಚ್ಚು. ಸ್ಕ್ಲಿರೋಡರ್ಮ ಅನ್ನೋ ಕಾಯಿಲೆ.
ಚರ್ಮ ಒಂದು ಕಡೆ ಅಂಗೈಯಗಲ ಗಟ್ಟಿಯಾಗಿಬಿಡುತ್ತೆ. ಹೊಳಪು… ಸುತ್ತ ನೇರಳೆ ಗೆರೆ. ಚಿವುಟೋಕೆ ಹೋದ್ರೆ ಬೆರಳಿಗೆ ಸಿಗಲ್ಲ.
ಜನ ನೋಡಿದ ತಕ್ಷಣ ಕುಷ್ಠ ಅಂದುಬಿಡೋರು. ಬೇರೆ ತಟ್ಟೆ, ಬೇರೆ ಚಾಪೆ.
ಡಾಕ್ಟ್ರು ಹತ್ತಿಯಿಂದ ಸವರಿ, "ಗೊತ್ತಾಗುತ್ತೇನವ್ವಾ?" ಅನ್ನೋರು. ಕುಷ್ಠ ಆದ್ರೆ ಮುಟ್ಟಿದ್ದು ಗೊತ್ತಾಗಲ್ಲ. ಎಲ್ಲಾ ಥರ ನೋಡಿ ಖಾತ್ರಿಯಾದ ಮೇಲೆ, ಮನೆಯೋರನ್ನ ಕರೆದು, ಬೀದಿಗೆ ಕೇಳೋ ಹಂಗೆ ಹೇಳೋರು… "ಇದು ಕುಷ್ಠ ಅಲ್ಲ. ಅಂಟಲ್ಲ."
ಆಮೇಲೆ ಎಣ್ಣೆ ಕಾಗದ ಇಟ್ಟು ಆ ಮಚ್ಚೆ ಸುತ್ತ ಪೆನ್ಸಿಲ್ ಗೆರೆ ಎಳೆಯೋರು. ದೊಡ್ಡದಾಯ್ತಾ, ಚಿಕ್ಕದಾಯ್ತಾ ನೋಡೋಕೆ. ತಿಂಗಳು ತಿಂಗಳು.

ಇಬ್ಬರೂ ಸೇರಿ ಒಂದು ಮುಲಾಮು ಮಾಡಿದ್ವಿ.
ಒಂದೆರಡು ವರ್ಷಕ್ಕೆ ಕೆಲವರ ಚರ್ಮ ಮೆತ್ತಗಾಯ್ತು.
"ರಂಗಪ್ಪನ ಮುಲಾಮು" ಅನ್ನೋರು ಜನ. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಸಿ.ಎಸ್. ಪುರದಲ್ಲಿ ಪುಟ್ಟಮ್ಮ ಅಂತ ಒಬ್ಬರು. ಎಲ್ಲರಿಗಿಂತ ಚೆನ್ನಾಗಿ ಮೆತ್ತಗಾಗಿದ್ದು ಅವರ ತೋಳೇ. ಒಂದಿನ ಇಬ್ಬರೂ ಅವರ ಮನೆಗೇ ಹೋದ್ವಿ.
"ದಿನಕ್ಕೆ ಎಷ್ಟು ಸಲ ಹಚ್ತೀಯವ್ವಾ?" ಅಂದ್ರು ಡಾಕ್ಟ್ರು.
"ಬೈಬ್ಯಾಡಿ ಸ್ವಾಮಿ… ಆ ವಾಸ್ನೆ ನಂಗಾಗಾಕಿಲ್ಲ. ಎತ್ತಿನ ಹೆಗಲು ಹುಣ್ಣಾಗಿತ್ತು, ಅದ್ಕೇ ಹಚ್ಚಿ ಮುಗಿಸ್ದೆ."
ನಾನು ನಕ್ಕುಬಿಟ್ಟೆ. ಡಾಕ್ಟ್ರು ನಗಲಿಲ್ಲ.

ವಾಪಸ್ ಬರುವಾಗ ಬಸ್ಸಲ್ಲಿ ನಾನೇ ಅಂದೆ, "ಸರ್, ಅವರೊಬ್ಬರ ಕಾರ್ಡು ಲೆಕ್ಕದಿಂದ ತೆಗೆದಾಕ್ಬುಡಿ."
"ಅಲ್ರೀ ರಂಗಪ್ಪ… ಮಿಕ್ಕೋರದೂ ತಾನಾಗೇ ಮೆತ್ತಗಾಗಿದ್ರೆ? ಅದು ಗೊತ್ತಾಗ್ಬೇಕಲ್ವಾ?"

ಆ ತಿಂಗಳಿಂದ ಎರಡು ಥರ ಡಬ್ಬಿ.
ಕೆಂಪು ಮುಚ್ಚಳದ್ದರಲ್ಲಿ ಔಷಧಿ. ಬಿಳಿ ಮುಚ್ಚಳದ್ದರಲ್ಲಿ ಔಷಧಿ ಇಲ್ಲ, ಬರೀ ಜಿಡ್ಡು.
ಹೊಸದಾಗಿ ಬಂದೋರಲ್ಲಿ ಒಬ್ಬರಿಗೆ ಅದು, ಒಬ್ಬರಿಗೆ ಇದು. ಯಾರದ್ದು ಮೆತ್ತಗಾಗುತ್ತೆ ಅಂತ ನೋಡೋದು.
ತುಂಬೋನು ನಾನು.

ಡಾಕ್ಟ್ರೇ…
ನಾನು ಬಿಳಿ ಮುಚ್ಚಳಕ್ಕೂ ಔಷಧಿ ಹಾಕಿದೆ.
ಕುಣಿಗಲ್ ಕಡೆಯಿಂದ ಎರಡು ಬಸ್ ಬದಲಾಯಿಸಿ ಬಂದೋರಿಗೆ ಬರೀ ಜಿಡ್ಡು ಕೊಡೋಕೆ ಕೈ ಬರಲಿಲ್ಲ.
ಆಗ ಅದನ್ನ ಕರುಣೆ ಅಂದ್ಕೊಂಡಿದ್ದೆ…
ಕರುಣೆ ಸ್ವಲ್ಪ. ಹಮ್ಮು ಜಾಸ್ತಿ. ನನ್ನ ಮುಲಾಮು ಸುಳ್ಳು ಅಂತ ಆಗೋದು ನನಗೆ ಬೇಕಿರಲಿಲ್ಲ.

ಮೂರು ವರ್ಷ ನೀವು ಗೆರೆ ಎಳೆದ್ರಿ. ಎರಡು ಡಬ್ಬಿಯೋರ ಗೆರೆನೂ ಒಂದೇ ಥರ ಬಂತು. ಎರಡರಲ್ಲೂ ಇದ್ದಿದ್ದು ಒಂದೇ ಔಷಧಿ, ಬರದೆ ಇನ್ನೇನು…
"ಈ ಔಷಧಿಯಿಂದ ಉಪಯೋಗ ಇಲ್ಲ" ಅಂತ ಬರೆದು, ಒಂದು ವೈದ್ಯಕೀಯ ಪತ್ರಿಕೆಗೆ ಕಳಿಸಿದ್ರಿ. ಡಬ್ಬಿ ಕೊಡೋದೇ ನಿಲ್ಲಿಸಿದ್ರಿ.
ಆಗಲೂ ನಾನು ಬಾಯಿ ಬಿಡಲಿಲ್ಲ.

ನಿಮಗೆ ಟ್ರಾನ್ಸ್‌ಫರ್ ಆಯ್ತು. ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ನಿಮ್ಮ ಟ್ರಂಕ್ ಹಿಡ್ಕೊಂಡು ನಿಂತಿದ್ದೆ. ನೀವು ಮೆಟ್ಟಿಲು ಹತ್ತಿದ್ರಿ…
ಆಗ ಹೇಳ್ದೆ.
ನೀವು ಕೆಳಗಿಳಿದ್ರಿ. "ಎಷ್ಟು ಡಬ್ಬಿಗೆ ಹಾಕಿದ್ರಿ?"
"ಎಲ್ಲಕ್ಕೂ ಸರ್."
ಬಸ್ಸು ಹೋಯ್ತು.
ಕಲ್ಲು ಬೆಂಚಿನ ಮೇಲೆ ಕೂತ್ಕೊಂಡ್ರಿ. "ಮೂರು ವರ್ಷ ರಂಗಪ್ಪ…" ಅಷ್ಟೇ ಅಂದಿದ್ದು.
ಅಲ್ಲೇ ಟ್ರಂಕ್ ತೆರೆದು, ತೊಡೆ ಮೇಲೆ ಕಾಗದ ಇಟ್ಕೊಂಡು ಪತ್ರಿಕೆಯೋರಿಗೆ ಬರೆದ್ರಿ… ಲೇಖನ ಹಾಕ್ಬೇಡಿ, ಪರೀಕ್ಷೆ ಸರಿಯಾಗಿ ನಡೆದಿಲ್ಲ ಅಂತ.
ಬಗ್ಗಿ ನೋಡ್ದೆ. ನನ್ನ ಹೆಸರಿರಲಿಲ್ಲ. "ನನ್ನ ತಪ್ಪಿನಿಂದ" ಅಂತ ಬರೆದಿದ್ರಿ.
"ಪೋಸ್ಟ್ ಮಾಡ್ಬಿಡಿ" ಅಂತ ನನ್ನ ಕೈಗೇ ಕೊಟ್ರಿ.

ಮಾಡ್ದೆ ಡಾಕ್ಟ್ರೇ. ಅದೊಂದು ಕೆಲಸ ಸರಿಯಾಗಿ ಮಾಡ್ದೆ.

ಆಮೇಲೆ ನೀವು ಸಂಶೋಧನೆ ಅಂತ ಕೈ ಹಾಕಲೇ ಇಲ್ಲ. ಕುಣಿಗಲ್‌ನಲ್ಲಿ ಕ್ಲಿನಿಕ್ ಇಟ್ರಿ. ಜ್ವರ, ಕೆಮ್ಮು, ಹೊಟ್ಟೆನೋವು… ಚರ್ಮ ಗಟ್ಟಿಯಾಗಿದೆ ಅಂತ ಬಂದೋರನ್ನ ಬೆಂಗಳೂರಿಗೆ ಕಳಿಸ್ತಿದ್ರಿ ಅಂತ ಕೇಳಿದೀನಿ.
ಹಬ್ಬ ಹಬ್ಬಕ್ಕೂ ಫೋನ್ ಮಾಡ್ತಿದ್ರಿ. ಮಗಳ ಮದುವೇಲಿ ಪಕ್ಕದಲ್ಲೇ ಕೂರಿಸ್ಕೊಂಡು ಊಟ ಹಾಕಿಸಿದ್ರಿ. ಆ ವಿಷಯ ಮಾತ್ರ ಒಂದು ಸಲಾನೂ ಎತ್ತಲಿಲ್ಲ.
ಒಂದು ಸಲ ಬೈದಿದ್ರೆ…
ಬೈತೀರಿ ಬೈತೀರಿ ಅಂತ ಪ್ರತಿ ಫೋನಿಗೂ ಕಾದೆ.

ನಾನು ಮಾಡಿದ್ದು ಈ ಭೂಮಿ ಮೇಲೆ ಗೊತ್ತಿದ್ದೋರು ಇಬ್ಬರೇ.
ಇವತ್ತಿಂದ ಒಬ್ಬನೇ.
ಒಬ್ಬನೇ ಇಟ್ಕೊಳ್ಳೋಕೆ ಆಗ್ತಿಲ್ಲ ಫ್ರೆಂಡ್ಸ್…
ತಪ್ಪು ಡಾಕ್ಟ್ರದಲ್ಲ. ಕಾಂಪೌಂಡರ್‌ದು. ನನ್ನದು.

ಹೋಗಿಬನ್ನಿ ಡಾಕ್ಟ್ರೇ… ಶಿವನ ಹತ್ತಿರ ನಿಮ್ಮ ಜೀವ ತಣ್ಣಗಿರಲಿ.

ರಂಗಪ್ಪ, ತುಮಕೂರು