ಉತ್ತರ ಹೇಳದ ಮೇಷ್ಟ್ರು

ಮೂರನೇ ತರಗತಿಯ ಮೇಷ್ಟ್ರು ಯಾವ ಮಗುವಿಗೂ ಉತ್ತರ ಹೇಳಿಕೊಟ್ಟವರಲ್ಲ. ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವ ದಪ್ಪ ಪುಸ್ತಕಗಳನ್ನೆಲ್ಲ ಓದಿ ಅರಗಿಸಿಕೊಂಡವರು. "ಮೊದಲು ಕೈಗೆ ಕಲ್ಲು, ಆಮೇಲೆ ಚಿತ್ರ, ಅಂಕಿ ಕೊನೆಗೆ" ಅನ್ನುತ್ತಾರೆ. ಅದಕ್ಕೇ ಅವರ ಜೇಬಿನ ತುಂಬ ಕಲ್ಲು, ಕಡ್ಡಿ, ಹಳೇ ಗುಂಡಿಗಳು. ನಡೆದರೆ ಗಿಲಕಿ ಅಲ್ಲಾಡಿಸಿದ ಹಾಗೆ ಸದ್ದು. ಗಂಟೆ ಎಷ್ಟು ಅಂತ ಕೇಳಿದರೂ, "ನಿನಗೆ ಎಷ್ಟು ಅನ್ಸತ್ತೆ?" ಅನ್ನುತ್ತಾರೆ. ಮಗು ತಪ್ಪು ಹೇಳಿದರೆ ಅವರಿಗೆ ಖುಷಿಯೋ ಖುಷಿ. "ಅದು ಹೇಗೆ ಬಂತು, ಹೇಳು ಹೇಳು" ಅಂತ ನೆಲದ ಮೇಲೆಯೇ ಕೂತುಬಿಡುತ್ತಾರೆ. "ಸಂಬಳ ಇವರಿಗೆ, ಪಾಠ ಮಾಡೋದು ಮಕ್ಕಳು" ಅಂತ ಶಾಲೆಯ ಕಸ ಗುಡಿಸುವಾಕೆ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು. ಆಕೆಯ ಮಗಳು ಅದೇ ತರಗತಿಯಲ್ಲಿದ್ದಳು. ಅಪ್ಪ ಸತ್ತಾಗಿನಿಂದ ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಆ ಹುಡುಗಿ ತಾನಾಗಿಯೇ ಎದ್ದು ಬೋರ್ಡಿನ ಹತ್ತಿರ ಹೋದಳು. ಹದಿಮೂರರಲ್ಲಿ ಐದು ಕಳೆಯಬೇಕಿತ್ತು. ಚಾಕ್ ಹಿಡಿದು ನಿಂತೇ ಇದ್ದಳು. ತಾಯಿ ಮೇಷ್ಟ್ರ ಹಿಂದಿನ ಕಿಟಕಿಯಿಂದ ನೋಡುತ್ತಿದ್ದಳು. ಒಂದು ಮಾತು ಹೇಳಿಕೊಟ್ಟರೆ ಈ ಮನುಷ್ಯನ ಗಂಟೇನು ಹೋಗುತ್ತದೆ ಅಂದುಕೊಂಡಳು. "ಅವಸರ ಇಲ್ಲ ಕಣಮ್ಮ, ನಿನ್ನ ಕೈಲಿ ಆಗತ್ತೆ" ಅಂದರು ಮೇಷ್ಟ್ರು. ದನಿ ತಣ್ಣಗಿತ್ತು. ಆದರೆ ಬೆನ್ನ ಹಿಂದೆ ಅವರ ಬಲಗೈ ಎಡಗೈಯ ಮಣಿಕಟ್ಟನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿತ್ತು, ಓಡಿಹೋಗುವ ಮಗುವನ್ನು ಹಿಡಿದ ಹಾಗೆ. ಹುಡುಗಿ "ಎಂಟು" ಅಂದ ಮೇಲೆಯೇ ಆ ಹಿಡಿತ ಸಡಿಲವಾಯಿತು.