ಮೇಲೆ ಸಿಕ್ಕಿಕೊಂಡ ಮೂರನೆಯ ಕಡ್ಡಿ

ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ಬೀಗ ರಿಪೇರಿ ಮಾಡುತ್ತಿದ್ದ ನನ್ನ ಗಂಡನಿಗೆ ಕಣ್ಣು ಮಂಜಾದಾಗ, ಆ ಕೆಲಸ ನಾನೇ ಕಲಿಯುತ್ತೇನೆಂದು ಹಟ ಹಿಡಿದೆ. ಅವರು ಬಾಗಿಲಿನ ಹಳೆಯ ವಿಲಾಯತಿ ಬೀಗವೊಂದನ್ನು ಕೊಟ್ಟು, ಕೀಲಿಯಿಲ್ಲದೆ ತೆಗೆ ಎಂದರು. ಎಡಗೈಯ ಸಣ್ಣ ಪಟ್ಟಿಯನ್ನು ಕೀಲಿ ಹಾಕುವ ಕಂಡಿಗೆ ತೂರಿಸಿ ತಿರುವಿ ಹಿಡಿದು, ಬಲಗೈಯ ತಂತಿಯಿಂದ ಬೀಗ ತಿರುಗದಂತೆ ತಡೆಯುವ ಒಳಗಿನ ಐದು ಕಡ್ಡಿಗಳನ್ನು ಒಂದೊಂದಾಗಿ ಎತ್ತಬೇಕು. ಮೂರನೆಯದು ಪ್ರತಿಸಲ ಮೇಲೆಯೇ ಸಿಕ್ಕಿಕೊಳ್ಳುತ್ತಿತ್ತು. ಚಿಮಣಿ ಎಣ್ಣೆಯಲ್ಲಿ ತೊಳೆದರೂ ಅಷ್ಟೇ. ನಾಲ್ಕು ದಿನ ಬಿಡದೆ ಕುಳಿತೆ.

ಐದನೆಯ ದಿನ ಅವರು ನನ್ನ ಎಡಗೈ ಮುಟ್ಟಿ ನೋಡಿದರು. “ಕಡ್ಡಿ ಕೆಟ್ಟಿಲ್ಲ. ನೀನ ಜೋರಾಗಿ ತಿರುವಿ ಅದನ್ನ ಒತ್ತಿ ಹಿಡದಿ.”

“ಸಡಿಲ ಬಿಟ್ರ ಉಳದವೂ ಬೀಳತಾವ್ರಿ.”

“ಬೀಳಲಿ. ಮತ್ತ ಎತ್ತು.”

ಕೈ ಸಡಿಲಿಸಿದೆ. ಕಡ್ಡಿ ಟಿಕ್ಕೆಂದು ಇಳಿಯಿತು. ಮೊದಲಿನಿಂದ ಮೆಲ್ಲಗೆ ಎತ್ತುತ್ತ ಬಂದೆ, ಬೀಗ ತೆರೆಯಿತು.

ಮರುದಿನ ಗಿರಾಕಿ ತಂದ ಬೀಗವನ್ನು ಅವರು ನನ್ನ ಕೈಗೇ ಕೊಟ್ಟರು.